ಪ್ರಾರ್ಥನೆಗೆ ಕೂತರೆ ಬರೀ ಚಿಂತೆ. ದೇವರ ಉಪಕಾರ ನೆನೆಯುವುದು ಹೇಗೆ?

ದೇವರು ಮಾಡಿದ್ದನ್ನು ನೆನಪು ಮಾಡಿಕೊಳ್ಳಿ ಅಂತ ಚರ್ಚ್ ಸಭೆಯಲ್ಲಿ ಹೇಳುತ್ತಾರೆ, ಅದು ಸುಮ್ನೆ ನಮ್ಮನ್ನು ನಾವೇ ಸಮಾಧಾನ ಮಾಡಿಕೊಂಡ ಹಾಗಲ್ವಾ ಅಂತ ಕೇಳಿದ್ದೀರಿ. ನನಗೂ ತುಂಬಾ ವರ್ಷ ಹಾಗೇ ಅನಿಸುತ್ತಿತ್ತು. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಒಬ್ಬೊಬ್ಬರೇ ಎದ್ದು ದೇವರು ತಮಗೆ ಮಾಡಿದ್ದನ್ನು ಸಾಕ್ಷಿಯಾಗಿ ಹೇಳುವಾಗ ತಲೆ ತಗ್ಗಿಸಿ ಕೂತಿರುತ್ತಿದ್ದೆ.

ನನಗೆ ದಾರಿ ತೋರಿಸಿದ್ದು ಅಮ್ಮನ ಬೈಬಲ್. ರಟ್ಟು ಕಿತ್ತುಹೋಗಿದೆ. ಕೀರ್ತನೆಗಳ ಅಂಚಿನಲ್ಲೆಲ್ಲ ಪೆನ್ಸಿಲ್ ಬರಹ: ‘ಮಗುವಿಗೆ ಜ್ವರ ಬಿಟ್ಟಿತು’, ‘ಫೀಸು ಕಟ್ಟಿದೆವು’. ದೇವರ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ ಅನ್ನುವ 103ನೇ ಕೀರ್ತನೆಯ ಪಕ್ಕ ಜಾಗವೇ ಉಳಿದಿಲ್ಲ. ‘ಇನ್ನೆಷ್ಟು ದಿನ’ ಅಂತ ದಾವೀದ ಗೋಗರೆಯುವ 13ನೇ ಕೀರ್ತನೆಯ ಪಕ್ಕ ಅಪ್ಪ ತೀರಿಕೊಂಡ ತಾರೀಕು ಇದೆ. ಬೇರೆ ಒಂದು ಮಾತಿಲ್ಲ.

ಮನೆಗೆ ‘ಎಬೆನೆಜೆರ್’ ಅಂತ ಹೆಸರಿಡುವವರು ನಮ್ಮಲ್ಲಿ ಇದ್ದಾರೆ. ಸಹಾಯದ ಕಲ್ಲು ಅಂತ ಅರ್ಥ. ಬೈಬಲಿನ 1 ಸಮುವೇಲ ಪುಸ್ತಕದ 7ನೇ ಅಧ್ಯಾಯದಲ್ಲಿ, ಇಸ್ರಾಯೇಲ್ಯರ ಶತ್ರುಗಳಾದ ಫಿಲಿಷ್ಟಿಯರು ಸೋತ ಮೇಲೆ ಪ್ರವಾದಿ ಸಮುವೇಲ ಕಲ್ಲು ನೆಟ್ಟು, ಯೆಹೋವನು ಇಲ್ಲಿಯವರೆಗೆ ನಮಗೆ ಸಹಾಯ ಮಾಡಿದನು ಅನ್ನುತ್ತಾನೆ. ಆದರೆ 4ನೇ ಅಧ್ಯಾಯಕ್ಕೆ ಹೋಗಿ ನೋಡಿ. ಇಸ್ರಾಯೇಲ್ಯರು ಪಾಳೆಯ ಹಾಕಿದ ಜಾಗದ ಹೆಸರೂ ಎಬೆನೆಜೆರೇ. ಆ ಯುದ್ಧದಲ್ಲಿ ಸೋತು, ದೇವರ ಒಡಂಬಡಿಕೆಯ ಪವಿತ್ರ ಪೆಟ್ಟಿಗೆಯಾದ ಮಂಜೂಷವನ್ನೇ ಕಳೆದುಕೊಂಡರು. ಅದು 7 ತಿಂಗಳಿಗೆ ವಾಪಸ್ ಬಂದರೂ ಆಮೇಲೆ 20 ವರ್ಷ ಜನ ಗೋಳಾಡಿದರು. ಗೆದ್ದಾಗ ನೆಟ್ಟ ಕಲ್ಲಿಗೆ ಸಮುವೇಲ ಆ ಸೋಲಿನ ಹೆಸರನ್ನೇ ಇಟ್ಟ! ಬರೀ ಸಮಾಧಾನಕ್ಕೆ ಅಂತಿದ್ದರೆ ಬೇರೆ ಹೆಸರು ಹುಡುಕುತ್ತಿದ್ದ ಅಂತ ನನ್ನ ಅನಿಸಿಕೆ.

ನಾನೀಗ ಶನಿವಾರ ರಾತ್ರಿ ಒಂದು ನೋಟ್‌ಬುಕ್ ಹಿಡಿದು ಕೂರುತ್ತೇನೆ. ತಾರೀಕು, ಒಂದೇ ಸಾಲು. ‘ದೇವರು ಒಳ್ಳೆಯವನು’ ಅಂತ ಬರೆದರೆ ಆರು ತಿಂಗಳಾದ ಮೇಲೆ ಏನೂ ನೆನಪಾಗುವುದಿಲ್ಲ. ‘ಕೆಲಸ ಹೋದ ತಿಂಗಳು, ಪಕ್ಕದ ಮನೆಯವರು ಕೇಳದೇನೇ ಅಕ್ಕಿ ತಂದುಕೊಟ್ಟರು’ ಅಂತ ಬರೆದರೆ ಆ ಹಳದಿ ಚೀಲವೂ ಕಣ್ಣ ಮುಂದೆ ಬರುತ್ತದೆ. ಬೇಡಿಕೊಂಡೂ ಸಿಗದೇ ಹೋದದ್ದನ್ನು ಅದೇ ಪುಟದಲ್ಲಿ ಬರೆಯುತ್ತೇನೆ. ಆ ಪಟ್ಟಿಯೂ ಚಿಕ್ಕದೇನಲ್ಲ.

ಪ್ರಾರ್ಥನೆಗೆ ಮಾತೇ ಹೊರಡದ ದಿನ ಹೊಸದಾಗಿ ಏನೂ ಹೇಳಲು ಹೋಗಬೇಡಿ. ಹಳೇ ಪುಟ ತೆಗೆದು ಗಟ್ಟಿಯಾಗಿ ಓದಿ. ಹೋದ ವಾರ ನಾನು ಓದಿದ್ದು ಆ ಅಕ್ಕಿಯ ಸಾಲನ್ನೇ.