ಅರಿವಳಿಕೆಯಲ್ಲಿ ಮಿದುಳಿನ ಅಲೆಗಳು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮ ಅಮ್ಮನಿಗೆ 72 ವರ್ಷ. ಮಂಗಳೂರಿನಲ್ಲಿ ಸೊಂಟದ ಆಪರೇಷನ್ ಆಯಿತು. ಹಿಂದಿನ ದಿನವೇ ಸಿಸ್ಟರ್ ಬಂದು ತಲೆಗೆ ಎಣ್ಣೆ ಹಾಕಬೇಡಿ ಅಂದರು. ಹಣೆಗೆ ಪಟ್ಟಿ ಅಂಟಿಸಿ ಒಂದು ನಂಬರ್ ನೋಡುತ್ತಾರಂತೆ. ಅದೇನು, ಡಾಕ್ಟ್ರೇ?
– ಓದುಗರು, ಕಟಪಾಡಿ

ಉತ್ತರ: ಹಣೆಯ ಪಟ್ಟಿ ಹಿಡಿಯುವುದು ಮಿದುಳಿನ ವಿದ್ಯುತ್ ಅಲೆಗಳನ್ನು, ಅಂದರೆ ಇಇಜಿಯನ್ನು. ಹೃದಯದ ಇಸಿಜಿ ಸುಮಾರು ಒಂದು ಮಿಲಿವೋಲ್ಟ್ ಇದ್ದರೆ ಇದು ಅದರ ಹತ್ತನೇ ಒಂದು ಪಾಲು, ಕೆಲವೊಮ್ಮೆ ನೂರನೇ ಒಂದು ಪಾಲು. ಇಷ್ಟು ಸಣ್ಣ ಸಂಕೇತಕ್ಕೆ ತೆಂಗಿನೆಣ್ಣೆಯ ಪದರವೂ ನಮ್ಮ ಕರಾವಳಿಯ ಬೆವರೂ ದೊಡ್ಡ ಅಡ್ಡಿ. ಹಣೆಯನ್ನು ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಪಟ್ಟಿ ಅಂಟಿಸಬೇಕು.

ಬಿಸ್ ಎಂಬ ಯಂತ್ರ ಆ ಅಲೆಗಳನ್ನು ಲೆಕ್ಕ ಹಾಕಿ 0ಯಿಂದ 100ರ ನಡುವಿನ ಒಂದು ಅಂಕಿ ತೋರಿಸುತ್ತದೆ (100ರ ಹತ್ತಿರ ಎಂದರೆ ಪೂರ್ತಿ ಎಚ್ಚರ, 0 ಎಂದರೆ ಅಲೆಯೇ ಇಲ್ಲ). ಸಾಮಾನ್ಯವಾಗಿ 40ರಿಂದ 60ರ ನಡುವೆ ಇಡುತ್ತಾರೆ. ವಯಸ್ಸಾದವರಿಗೆ ಸ್ವಲ್ಪ ಮದ್ದೇ ಹೆಚ್ಚಾಗಿ, ಅಲೆ ಕೆಲವು ಸೆಕೆಂಡ್ ಪೂರ್ತಿ ನಿಂತು ಮತ್ತೆ ಚಿಮ್ಮುವ ಸ್ಥಿತಿ ಬರಬಹುದು. ಅದು ಬೇಕಾದ್ದಕ್ಕಿಂತ ಆಳವಾಯಿತು ಎಂಬುದರ ಗುರುತು. ಇಂಥವರಲ್ಲಿ ಆಪರೇಷನ್ ನಂತರದ ಗೊಂದಲ ಹೆಚ್ಚು ಕಾಣುತ್ತದೆ, ನಿಜ. ಆದರೆ ಇಇಜಿ ನೋಡಿ ಮದ್ದು ಕಡಿಮೆ ಮಾಡಿದರೆ ಗೊಂದಲ ತಪ್ಪುತ್ತದೆಯೇ ಎಂದು ಪರೀಕ್ಷಿಸಿದ 2019ರ ದೊಡ್ಡ ಅಮೆರಿಕನ್ ಅಧ್ಯಯನದಲ್ಲಿ ಗೊಂದಲ ಕಡಿಮೆಯಾಗಲಿಲ್ಲ. ಹಾಗಾಗಿ ಅಂಕಿ ಸರಿಯಿತ್ತು, ಇನ್ನು ಚಿಂತೆಯಿಲ್ಲ ಎಂದುಕೊಳ್ಳಬೇಡಿ. ಮೊದಲ ಕೆಲವು ದಿನ ಅಮ್ಮನಿಗೆ ಕನ್ನಡಕ, ಶ್ರವಣಯಂತ್ರ ಕೈಗೆ ಸಿಗುವಂತಿರಲಿ, ರಾತ್ರಿ ನಿದ್ದೆ ಕೆಡದಿರಲಿ, ಪರಿಚಿತ ಮುಖ ಹತ್ತಿರವಿರಲಿ.

ಪ್ರಶ್ನೆ: ನಾನು ಅನಸ್ತೇಶಿಯಾ ಟೆಕ್ನಾಲಜಿ ಓದುತ್ತಿದ್ದೇನೆ. ಪ್ರೊಪೊಫಾಲ್ ಎಂಬ ಅರಿವಳಿಕೆ ಮದ್ದು ಕೊಟ್ಟಾಗ ಇಇಜಿ ಹೇಗೆ ಬದಲಾಗುತ್ತದೆ ಎಂದು ಪ್ರಾಜೆಕ್ಟ್ ಮಾಡಬೇಕೆಂದಿದ್ದೇನೆ. ಬಿಸ್ ಪಟ್ಟಿಯಿಂದಲೇ ಆಗುತ್ತದೆಯೇ ಸರ್?
– ವಿದ್ಯಾರ್ಥಿನಿ, ದೇರಳಕಟ್ಟೆ

ಉತ್ತರ: ಆಗುವುದಿಲ್ಲ. ಎಚ್ಚರದಲ್ಲಿ ಕಣ್ಣು ಮುಚ್ಚಿದಾಗ 8–12 ಹರ್ಟ್ಸ್‌ನ (ಸೆಕೆಂಡಿಗೆ 8–12 ಬಾರಿ ಏರಿಳಿಯುವ) ಆಲ್ಫಾ ಅಲೆ ತಲೆಯ ಹಿಂಭಾಗದಲ್ಲಿ ಬಲವಾಗಿರುತ್ತದೆ. ಪ್ರೊಪೊಫಾಲ್‌ನಿಂದ ಪ್ರಜ್ಞೆ ಹೋದಾಗ ಹಿಂದಿನ ಆಲ್ಫಾ ಕರಗಿ, ಹಣೆಯ ಕಡೆ ಹೊಸದಾಗಿ ಆಲ್ಫಾ ಏಳುತ್ತದೆ. ಜೊತೆಗೆ 4 ಹರ್ಟ್ಸ್‌ಗಿಂತ ಕೆಳಗಿನ ದೊಡ್ಡ ನಿಧಾನ ಅಲೆಗಳು ಬರುತ್ತವೆ. ಈ ಸ್ಥಳಾಂತರವೇ ನಿಮ್ಮ ಪ್ರಾಜೆಕ್ಟಿನ ಜೀವ. ಹಣೆಯ ಪಟ್ಟಿಗೆ ಹಿಂಭಾಗ ಕಾಣುವುದೇ ಇಲ್ಲ. ತಲೆಯನ್ನು ಅಳೆದು ಜಾಗ ಗುರುತಿಸುವ 10–20 ಪದ್ಧತಿಯಂತೆ ಮುಂದೆ, ನಡುನೆತ್ತಿಯಲ್ಲಿ, ಹಿಂದೆ ಎಲೆಕ್ಟ್ರೋಡ್ ಇಡಿ. ಪ್ರತಿಯೊಂದರ ಇಂಪೀಡೆನ್ಸ್ (ಚರ್ಮದ ಸಂಪರ್ಕದಲ್ಲಿನ ವಿದ್ಯುತ್ ತಡೆ) 5 ಕಿಲೋಓಮ್‌ಗಿಂತ ಕಡಿಮೆ ಇರಲಿ.

ನೈತಿಕ ಸಮಿತಿಯ ಅನುಮತಿ ಮೊದಲು. ರೋಗಿಯ ಒಪ್ಪಿಗೆಯನ್ನು ಹಿಂದಿನ ದಿನವೇ, ಅವರ ಭಾಷೆಯಲ್ಲಿ ವಿವರಿಸಿ ಪಡೆಯಿರಿ. ತುಳು, ಕೊಂಕಣಿ, ಬ್ಯಾರಿ ಮಾತ್ರ ಬರುವವರು ನಮ್ಮಲ್ಲಿ ಬಹಳ. ಮಿಡಜೋಲಾಮ್ ಎಂಬ ಮಂಪರು ಮದ್ದು ಕೊಟ್ಟ ಮೇಲೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಆ ಮದ್ದು ವೇಗದ ಬೀಟಾ ಅಲೆಯನ್ನೂ ಹೆಚ್ಚಿಸಿ ನಿಮ್ಮ ಆರಂಭದ ದಾಖಲೆಯನ್ನು ಕೆಡಿಸುತ್ತದೆ.

ಮದ್ದಿಗೆ ಮುಂಚೆ ಐದು ನಿಮಿಷ, ಕಣ್ಣು ಮುಚ್ಚಿ ಮತ್ತು ತೆರೆದು ರೆಕಾರ್ಡ್ ಮಾಡಿ. ಕಿಲೋಗೆ 2 ಮಿಲಿಗ್ರಾಂನಂತೆ ಒಮ್ಮೆಲೇ ಕೊಟ್ಟರೆ ಅರ್ಧ ನಿಮಿಷದ ಆಸುಪಾಸಿನಲ್ಲೇ ಪ್ರಜ್ಞೆ ಹೋಗುತ್ತದೆ, ನಡುವಿನ ಹಂತಗಳು ಕೈಗೆ ಸಿಗುವುದಿಲ್ಲ. ಪಂಪಿನಿಂದ ನಿಧಾನ ಕೊಟ್ಟರೆ ಸಿಗುತ್ತವೆ, ಆದರೆ ಆ ನಿರ್ಧಾರ ಅರಿವಳಿಕೆ ವೈದ್ಯರದ್ದು. ಹತ್ತು ಸೆಕೆಂಡಿಗೊಮ್ಮೆ "ಕಣ್ಣು ಬಿಡಿ" ಎಂದು ಒಂದೇ ದನಿಯಲ್ಲಿ ಹೇಳಿ, ಉತ್ತರ ನಿಂತ ಕ್ಷಣವನ್ನು ಸೆಕೆಂಡ್ ಸಮೇತ ಬರೆಯಿರಿ. ಲ್ಯಾಪ್‌ಟಾಪ್, ಮಾನಿಟರ್, ಪಂಪ್ ಮೂರರ ಗಡಿಯಾರವನ್ನೂ ಮೊದಲೇ ಹೊಂದಿಸಿ. ಇದನ್ನು ಬಿಟ್ಟರೆ ಇಡೀ ದಾಖಲೆ ಉಪಯೋಗಕ್ಕೆ ಬಾರದು.

ಎಡವುವುದು ಎಲ್ಲಿ ಎಂದರೆ, ಕಣ್ಣು ಮಿಟುಕಿಸಿದ್ದು ಹಣೆಯಲ್ಲಿ ನಿಧಾನ ಅಲೆಯಂತೆಯೇ ಕಾಣುತ್ತದೆ. ದವಡೆ ಎತ್ತಿ ಮಾಸ್ಕ್ ಹಿಡಿದಾಗ ಸ್ನಾಯುವಿನ ಸದ್ದು 20 ಹರ್ಟ್ಸ್‌ನ ಮೇಲೆಲ್ಲ ತುಂಬಿಕೊಳ್ಳುತ್ತದೆ. ಆಮೇಲೆ ಸ್ನಾಯು ಸಡಿಲಿಸುವ ಮದ್ದು ಕೊಟ್ಟಾಗ ಅದು ಮಾಯ. ಅದನ್ನು ಮಿದುಳಿನ ಬದಲಾವಣೆ ಎಂದು ಬರೆದವರಿದ್ದಾರೆ! ಎಚ್ಚರವಿರುವ ಸ್ವಯಂಸೇವಕರಿಗೆ ಬರೀ ಈ ಮದ್ದು ಕೊಟ್ಟಾಗಲೂ ಬಿಸ್ ಅಂಕಿ ಇಳಿದದ್ದು ದಾಖಲಾಗಿದೆ. ಕಾಟರಿ (ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸುವ ಉಪಕರಣ) ನಡೆಯುವ ಭಾಗವನ್ನು ಪೂರ್ತಿ ತೆಗೆದುಹಾಕಿ. 50 ಹರ್ಟ್ಸ್‌ನ ಕರೆಂಟಿನ ಸದ್ದನ್ನು ಸೋಸಿ. ನಿಧಾನ ಅಲೆಯೇ ಬೇಕಿದ್ದರೆ, ತೀರ ನಿಧಾನದ ಅಲೆಗಳನ್ನು ಕತ್ತರಿಸುವ ಫಿಲ್ಟರನ್ನು 0.5 ಅಲ್ಲ, 0.1 ಹರ್ಟ್ಸ್‌ಗೆ ಇಡಿ. ಬಿಪಿ ಕುಸಿದರೆ, ಮೈ ತಣ್ಣಗಾದರೆ, ಸಕ್ಕರೆ ತೀರ ಇಳಿದರೆ ಕೂಡ ಅಲೆ ನಿಧಾನವಾಗುತ್ತದೆ; ಅವನ್ನೂ ಬರೆದಿಡಿ.

ಪ್ರಶ್ನೆ: ಅರಿವಳಿಕೆ ಎಂದರೆ ಗಾಢ ನಿದ್ದೆಯೇ?
– ಓದುಗರು, ಬ್ರಹ್ಮಾವರ

ಉತ್ತರ: ಅಲ್ಲ. ನಿದ್ದೆಯಲ್ಲಿ ಹಂತಗಳು ಬದಲಾಗುತ್ತಿರುತ್ತವೆ, ಅಲುಗಾಡಿಸಿದರೆ ಎಚ್ಚರವಾಗುತ್ತದೆ. ಡೆಕ್ಸ್‌ಮೆಡಿಟೊಮಿಡಿನ್ ಎಂಬ ಮಂಪರು ಮದ್ದು ಒಂದರ ಅಲೆ ಮಾತ್ರ ನಿದ್ದೆಯ ಅಲೆಗೆ ಹತ್ತಿರ. ಅದನ್ನು ಕೊಟ್ಟವರನ್ನು ಕರೆದು ಎಬ್ಬಿಸಲೂಬಹುದು.

ಪ್ರಶ್ನೆ: ಕೆಟಮಿನ್ ಎಂಬ ಅರಿವಳಿಕೆ ಮದ್ದು ಕೊಟ್ಟ ಮೇಲೆ ಬಿಸ್ ಅಂಕಿ ಇಳಿಯುವ ಬದಲು ಏರಿತು. ರೋಗಿಗೆ ಎಚ್ಚರವಿತ್ತೇ ಮೇಡಂ?
– ನರ್ಸ್, ಕಾರ್ಕಳ

ಉತ್ತರ: ಅಂಕಿಯಿಂದ ಹಾಗೆ ಹೇಳಲಾಗದು. ಪ್ರೊಪೊಫಾಲ್ ನರಕೋಶಗಳನ್ನು ಗಾಬಾ ಎಂಬ ಮಿದುಳಿನ ರಾಸಾಯನಿಕದ ಮೂಲಕ ತಡೆಯುತ್ತದೆ. ಕೆಟಮಿನ್ ನರಕೋಶದ ಮೇಲೆ ಸಂದೇಶ ಹಿಡಿಯುವ ಎನ್‌ಎಂಡಿಎ ಗ್ರಾಹಕವನ್ನು ಮುಚ್ಚುತ್ತದೆ, ಆಗ 30 ಹರ್ಟ್ಸ್ ಆಸುಪಾಸಿನ ವೇಗದ ಅಲೆಗಳು ಏಳುತ್ತವೆ. ಯಂತ್ರ ಆ ವೇಗವನ್ನೇ ಎಚ್ಚರ ಎಂದು ಓದುತ್ತದೆ. ಅಂಕಿ ಇಳಿಸಲೆಂದೇ ಬೇರೆ ಮದ್ದು ಸೇರಿಸುತ್ತ ಹೋದರೆ ಬಿಪಿ ಬೀಳುತ್ತದೆ. ನೈಟ್ರಸ್ ಆಕ್ಸೈಡ್‌ನಲ್ಲಿಯೂ ಅಂಕಿ ನಂಬುವ ಹಾಗಿಲ್ಲ.

ಸೆವೊಫ್ಲುರೇನ್‌ನಂಥ ಅನಿಲ ಕೊಡುವಾಗ ಉಸಿರಿನ ಕೊನೆಯ ಸಾಂದ್ರತೆಯನ್ನು ಅಳೆಯಬಹುದು, ಅದು 0.7 ಮ್ಯಾಕ್‌ಗಿಂತ (1 ಮ್ಯಾಕ್ ಎಂದರೆ ಚರ್ಮ ಕೊಯ್ದಾಗ ಅರ್ಧದಷ್ಟು ರೋಗಿಗಳು ಅಲುಗಾಡದ ಸಾಂದ್ರತೆ) ಇಳಿದರೆ ಅಲಾರಂ ಹೊಡೆಯುವಂತೆ ಇಟ್ಟುಕೊಳ್ಳಬಹುದು. ಪೂರ್ತಿ ರಕ್ತನಾಳದಲ್ಲೇ ಮದ್ದು ಹೋಗುವ ಅರಿವಳಿಕೆಯಲ್ಲಿ ಆ ಅನುಕೂಲವಿಲ್ಲ. ಸೂಜಿ ಜಾರಿ ಮದ್ದು ಚರ್ಮದಡಿ ಸೇರಿದರೂ ಪಂಪ್ ಸುಮ್ಮನೆ ತಳ್ಳುತ್ತಲೇ ಇರುತ್ತದೆ. ಸ್ನಾಯು ಸಡಿಲಿಸಿದ ರೋಗಿ ಕೈ ಆಡಿಸಿ ತಿಳಿಸಲಾರರು. ಆದ್ದರಿಂದ ಕ್ಯಾನುಲಾ (ರಕ್ತನಾಳಕ್ಕೆ ಮದ್ದು ಹೋಗುವ ನಳಿಗೆ) ಹಾಕಿದ ಕೈಯನ್ನು ಬಟ್ಟೆಯಿಂದ ಮುಚ್ಚದೆ ಕಣ್ಣಿಗೆ ಬೀಳುವಂತಿಡಿ, ಪರದೆಯಲ್ಲಿ ಅಂಕಿಯ ಪಕ್ಕ ಅಲೆಯೂ ಕಾಣುವಂತೆ ಹೊಂದಿಸಿ.