ಸ್ಪಿರುಲಿನಾದಲ್ಲಿ ನೀಲಿ ಬರದೆ ಹಸಿರು ಬರುತ್ತಿದ್ದರೆ

ಒಣ ಸ್ಪಿರುಲಿನಾ (ನೀಲಿ-ಹಸಿರು ಪಾಚಿ) ಪುಡಿಯನ್ನು ಎಥನಾಲ್‌ನಲ್ಲಿ ನೆನೆಸಿದರೆ ಹಸಿರು ಬಣ್ಣ ಬರುತ್ತಿದೆ, 70 ಡಿಗ್ರಿಗೆ ಬಿಸಿ ಮಾಡಿದರೆ ನೀಲಿ ಬರುತ್ತದಾ ಅಂತ ಕೇಳಿದ್ದೀರಿ. ಬರಲ್ಲ, ಬಿಸಿ ಮಾಡಲೇಬೇಡಿ. ನಿಮಗೆ ಬೇಕಾದ ನೀಲಿ ಬಣ್ಣ, ಅಂದರೆ ಫೈಕೋಸಯನಿನ್, ಒಂದು ಪ್ರೋಟೀನ್. ಅದು ನೀರಿನಲ್ಲಿ ಕರಗುತ್ತದೆ, ಎಥನಾಲ್‌ನಲ್ಲಿ ಅಲ್ಲ. ಎಥನಾಲ್ ಎಳೆದಿರುವುದು ಹಸಿರು ಕ್ಲೋರೊಫಿಲ್ ಮತ್ತು ಹಳದಿ-ಕಿತ್ತಳೆ ಕ್ಯಾರೊಟಿನಾಯ್ಡ್‌ಗಳನ್ನು. 50 ಡಿಗ್ರಿ ದಾಟಿದರಂತೂ ನೀಲಿ ಬೇಗ ಮಾಸುತ್ತದೆ.

ಪಿಎಚ್ 7ರ ಫಾಸ್ಫೇಟ್ ಬಫರ್‌ನಲ್ಲಿ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣ) ಪುಡಿ ಕಲಸಿ, ಫ್ರೀಜರ್‌ನಲ್ಲಿ ಗಟ್ಟಿಯಾಗಲು ಬಿಡಿ, ಆಮೇಲೆ ತಣ್ಣಗಿನ ಜಾಗದಲ್ಲೇ ಕರಗಿಸಿ, ಹೀಗೇ ಮೂರ್ನಾಲ್ಕು ಸಲ ಮಾಡಿದರೆ ಒಳಗೆ ಹುಟ್ಟುವ ಮಂಜಿನ ಹರಳುಗಳೇ ಜೀವಕೋಶದ ಗೋಡೆ ಒಡೆಯುತ್ತವೆ, ಶಬ್ದದ ಅಲೆಯಿಂದ ಕೋಶ ಒಡೆಯುವ ದುಬಾರಿ ಸೋನಿಕೇಟರ್ ಬೇಕಾಗಲ್ಲ. ಬಾಟಲಿಗೆ ಫಾಯಿಲ್ ಸುತ್ತಿ, ಬೆಳಕೂ ಇದಕ್ಕೆ ಆಗಲ್ಲ. ಕೊನೆಗೆ ಸೆಂಟ್ರಿಫ್ಯೂಜ್ ಮಾಡಿ. ಫಿಲ್ಟರ್ ಪೇಪರ್ ಸುಮ್ನೆ ಕಟ್ಟಿಕೊಳ್ಳುತ್ತದೆ.

ನೀಲಿ ಕಂಡ ಮಾತ್ರಕ್ಕೆ ಶುದ್ಧ ಅಂತಲ್ಲ. ಸಾರ ಎಷ್ಟು ಬೆಳಕು ಹೀರುತ್ತದೆ ಅಂತ ಸ್ಪೆಕ್ಟ್ರೊಫೋಟೊಮೀಟರ್‌ನಲ್ಲಿ ನೋಡಿ, 620 ನ್ಯಾನೊಮೀಟರ್‌ನ (ನೀಲಿ ಪ್ರೋಟೀನ್) ಓದನ್ನು 280ರ (ಎಲ್ಲ ಪ್ರೋಟೀನ್) ಓದಿನಿಂದ ಭಾಗಿಸಿ. 0.7 ದಾಟಿದರೆ ಆಹಾರಕ್ಕೆ ಬಳಸುವ ದರ್ಜೆ ಅಂತಾರೆ, ಲ್ಯಾಬ್ ದರ್ಜೆಗೆ 4ರ ಹತ್ತಿರ ಬೇಕು. ಅಷ್ಟಕ್ಕೆ ಅಮೋನಿಯಂ ಸಲ್ಫೇಟ್ ಹಾಕಿ ತಳಕ್ಕಿಳಿಸಿ, ಡಯಾಲಿಸಿಸ್ ಮಾಡಿ (ಪೊರೆಯ ಮೂಲಕ ಉಪ್ಪು ತೆಗೆದು), ಆಮೇಲೆ ಪ್ರೋಟೀನ್‌ಗಳನ್ನು ಬೇರ್ಪಡಿಸುವ ಕಾಲಂ ಕೂಡ ಹಾಕಬೇಕಾಗುತ್ತದೆ. ಡಿಗ್ರಿ ಪ್ರಾಜೆಕ್ಟ್‌ಗೆ ಇಷ್ಟೆಲ್ಲ ಅಗತ್ಯವಿಲ್ಲ ಅಂತ ನನ್ನ ಅಭಿಪ್ರಾಯ.

ಆಂಟಿಆಕ್ಸಿಡೆಂಟ್ ಪರೀಕ್ಷೆಗೆ ಡಿಪಿಪಿಎಚ್ (ಆಂಟಿಆಕ್ಸಿಡೆಂಟ್ ಸಿಕ್ಕರೆ ಬಣ್ಣ ಮಾಸುವ ರಾಸಾಯನಿಕ) ಬಳಸುತ್ತೇನೆ ಅಂದಿದ್ದೀರಿ. ಅದು ಮೆಥನಾಲ್‌ನಲ್ಲಿ ಇರುತ್ತದೆ, ನಿಮ್ಮ ಪ್ರೋಟೀನ್ ಅದರಲ್ಲಿ ಬಿಳಿಚಿಕೊಂಡು ಕದಡಬಹುದು, ಓದು ಕೆಡುತ್ತದೆ ಅಲ್ವಾ? ಅದೇ ಥರದ ಇನ್ನೊಂದು ಪರೀಕ್ಷೆ ಎಬಿಟಿಎಸ್ ನೀರಿನಲ್ಲೇ ನಡೆಯುತ್ತದೆ. ಆದರೆ ಅದನ್ನು 734 ನ್ಯಾನೊಮೀಟರ್‌ನಲ್ಲಿ ಓದಬೇಕು, ಸಾರದ್ದೇ ಬಣ್ಣವನ್ನು ಕಳೆಯಲು ಎಬಿಟಿಎಸ್ ಇಲ್ಲದ ಬರೀ ಸಾರದ ಬ್ಲ್ಯಾಂಕ್ ಒಂದನ್ನು ಇಟ್ಟುಕೊಳ್ಳಿ.

ಆ ಹಸಿರು ಎಥನಾಲ್ ಚೆಲ್ಲಬೇಡಿ. ಅದರಲ್ಲಿ ಬೀಟಾ ಕ್ಯಾರೊಟಿನ್ ಇದೆ, ಅದೂ ಆಂಟಿಆಕ್ಸಿಡೆಂಟೇ.