ಚಾಟ್‌ನಲ್ಲಿ ಗೊತ್ತಿರುವವರು ಕಳಿಸಿದ್ದನ್ನು ಮಾತ್ರ ತೆರೆದರೆ ವೈರಸ್ ಬರಲ್ಲ ಅಲ್ವಾ? ಜೊತೆಗೆ ಯಾವ ಆಂಟಿವೈರಸ್ ಹಾಕಿಕೊಳ್ಳಲಿ?

ಇದೇ ಲೆಕ್ಕ ನನ್ನದೂ ಆಗಿತ್ತು. ಅಪರಿಚಿತರ ಲಿಂಕ್ ಮುಟ್ಟುವುದಿಲ್ಲ, ಪರಿಚಯದವರು ಕಳಿಸಿದರೆ ಭಯವಿಲ್ಲ, ಮೇಲೊಂದು ಆಂಟಿವೈರಸ್ ಇದ್ದರೆ ಮುಗೀತು ಅಂತ. ನನ್ನ ಕಂಪ್ಯೂಟರಿಗೆ ವೈರಸ್ ಬಂದದ್ದು ಪರಿಚಯದವಳಿಂದಲೇ.

ನನ್ನ ಜೊತೆ ಓದಿದ ಗೆಳತಿ. ಅವಳ ಖಾತೆಯಿಂದ ಒಂದು ಜಿಪ್ ಫೈಲ್ ಬಂತು. "ಹಳೇ ಫೋಟೋಗಳು, ಕಂಪ್ಯೂಟರಲ್ಲಿ ತೆಗೆದು ನೋಡು" ಅಂತ ಒಂದೇ ಸಾಲು. ಬಿಚ್ಚಿ ನೋಡಿದರೆ ಒಳಗೆ ಫೋಟೋ ಚಿಹ್ನೆ ಇರುವ ಫೈಲುಗಳು, ಹೆಸರಿನ ಕೊನೆಯಲ್ಲಿ ಜೆಪಿಜಿ ಅಂತಲೇ ಇತ್ತು. ಡಬಲ್ ಕ್ಲಿಕ್ ಮಾಡಿದೆ. ಏನೂ ಆಗಲಿಲ್ಲ. "ಓಪನ್ ಆಗ್ತಿಲ್ಲ ಕಣೇ" ಅಂತ ಬರೆದೆ. ಕೂಡಲೇ ಉತ್ತರ ಬಂತು, "ಮತ್ತೆ ಟ್ರೈ ಮಾಡು". ಮತ್ತೆ ಒತ್ತಿದೆ. ಅವಳು ನನ್ನ ಹತ್ತಿರ ಹಾಗೆ ಚುಟುಕಾಗಿ ಮಾತಾಡುವವಳೇ ಅಲ್ಲ. ಆ ಕಡೆ ಕೂತಿದ್ದವನು ಅವಳ ಖಾತೆ ಕದ್ದ ಕಳ್ಳ.

ಆ ಫೈಲಿನ ಪೂರ್ತಿ ಹೆಸರು ಡಾಟ್ ಜೆಪಿಜಿ ಡಾಟ್ ಎಸ್‌ಸಿಆರ್. ಎಸ್‌ಸಿಆರ್ ಅಂದರೆ ಸ್ಕ್ರೀನ್‌ಸೇವರ್, ಅಂದರೆ ಅದೊಂದು ಪ್ರೋಗ್ರಾಂ, ಫೋಟೋ ಅಲ್ಲವೇ ಅಲ್ಲ. ವಿಂಡೋಸ್ ತನಗೆ ಗೊತ್ತಿರುವ ಫೈಲುಗಳ ಕೊನೆಯ ಅಕ್ಷರಗಳನ್ನು ತಾನಾಗಿಯೇ ಬಚ್ಚಿಡುತ್ತದೆ, ಹಾಗಾಗಿ ನನಗೆ ಕಂಡದ್ದು ಜೆಪಿಜಿವರೆಗೆ ಮಾತ್ರ. ಈ ಆಟ ಹೊಸದೇನಲ್ಲ. 2000ದ ಮೇ ತಿಂಗಳಲ್ಲಿ ಐ ಲವ್ ಯೂ ವೈರಸ್ ಇಮೇಲ್‌ನಲ್ಲಿ ಪ್ರಪಂಚವೆಲ್ಲ ಸುತ್ತಿದ್ದೂ ಹೀಗೆಯೇ, ಟಿಎಕ್ಸ್‌ಟಿ, ಅಂದರೆ ಬರೀ ಬರಹದ ಫೈಲ್ ಅಂತ ಕಾಣುವ ಹೆಸರಿನ ಹಿಂದೆ ವಿಬಿಎಸ್ ಅನ್ನುವ ಪ್ರೋಗ್ರಾಂ ಅಡಗಿಸಿಕೊಂಡು. ಅದೂ ಜನರ ಅಡ್ರೆಸ್ ಬುಕ್‌ನಲ್ಲಿದ್ದ ಪರಿಚಯದವರಿಗೇ ಹೋಗುತ್ತಿತ್ತು. 2008ರಲ್ಲಿ ಕೂಬ್‌ಫೇಸ್ ಅನ್ನುವುದು ಫೇಸ್‌ಬುಕ್‌ನಲ್ಲಿ ಗೆಳೆಯರ ಹೆಸರಲ್ಲೇ ವಿಡಿಯೋ ಲಿಂಕ್ ಕಳಿಸುತ್ತಿತ್ತು, ಒತ್ತಿದರೆ ಫ್ಲ್ಯಾಶ್ ಪ್ಲೇಯರ್ ಅಪ್‌ಡೇಟ್ ಮಾಡಿ ಅಂತ ಕೇಳಿ ವೈರಸ್ ಇಳಿಸುತ್ತಿತ್ತು. ಆದ್ದರಿಂದ "ಗೊತ್ತಿರುವವರು ಕಳಿಸಿದ್ದು" ಅನ್ನುವ ನಿಮ್ಮ ನಿಯಮವನ್ನು ಮೊದಲು ಬಿಡಿ. ಚಾಟ್‌ನಲ್ಲಿ ಹರಡುವ ವೈರಸ್‌ಗಳು ಜಾಸ್ತಿ ನೆಚ್ಚಿಕೊಂಡಿರುವುದು ಈ ನಂಬಿಕೆಯನ್ನೇ.

ಆದರೆ ನನ್ನನ್ನು ನಿಜವಾಗಿ ಮುಳುಗಿಸಿದ್ದು ಆ ಫೈಲ್ ತೆರೆದದ್ದಲ್ಲ. ಆಮೇಲೆ ಮಾಡಿದ ಕೆಲಸ. ಅದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕಂದರೆ ಎಲ್ಲರೂ ಗಾಬರಿಯಲ್ಲಿ ಮಾಡುವುದು ಅದನ್ನೇ.

ಅವತ್ತು ಸಂಜೆ "ಬೇರೆ ಕಡೆಯಿಂದ ನಿಮ್ಮ ಖಾತೆಗೆ ಲಾಗಿನ್ ಆಗಿದೆ" ಅಂತ ಇಮೇಲ್ ಬಂತು. ನಾನು ಅದೇ ಕಂಪ್ಯೂಟರ್ ಮುಂದೆ ಕೂತು, ಅದೇ ಬ್ರೌಸರಿನಲ್ಲಿ, ಇಮೇಲ್‌ನಿಂದ ಹಿಡಿದು ಎಲ್ಲ ಖಾತೆಗಳ ಪಾಸ್‌ವರ್ಡ್ ಬದಲಾಯಿಸಿದೆ. ಬ್ರೌಸರ್ "ಸೇವ್ ಮಾಡಲಾ?" ಅಂತ ಕೇಳಿದಾಗಲೆಲ್ಲ ಹೌದು ಅಂದೆ. ಕಳ್ಳ ಮನೆಯೊಳಗೇ ಇರುವಾಗ ಬೀಗ ಬದಲಾಯಿಸಿ, ಹೊಸ ಬೀಗದಕೈಯನ್ನು ಅವನ ಕಣ್ಣೆದುರೇ ಗೂಟಕ್ಕೆ ತಗುಲಿಸಿದ ಹಾಗಾಯಿತು. ಈಗ ಚಾಟ್‌ನಲ್ಲಿ ಬರುವ ವೈರಸ್‌ಗಳಲ್ಲಿ ಬಹಳಷ್ಟು ಸ್ಟೀಲರ್ ಜಾತಿಯವು. ಬ್ರೌಸರಿನಲ್ಲಿ ಸೇವ್ ಆಗಿರುವ ಪಾಸ್‌ವರ್ಡ್‌ಗಳನ್ನು ಬಳಿದುಕೊಂಡು ಹೋಗುವುದೇ ಅವುಗಳ ಕೆಲಸ. ನಾನು ಹೊಸದನ್ನೂ ಕೊಟ್ಟೆ.

ಅದಕ್ಕಿಂತ ದೊಡ್ಡದು ಕುಕಿ. ನೀವು ಒಂದು ಸಲ ಲಾಗಿನ್ ಆದ ಮೇಲೆ ಸೈಟು ಪದೇ ಪದೇ ಪಾಸ್‌ವರ್ಡ್ ಕೇಳುವುದಿಲ್ಲ ಅಲ್ವಾ? ನಿಮ್ಮ ಬ್ರೌಸರಿಗೆ ಒಂದು ಗುರುತು ಕೊಟ್ಟಿರುತ್ತದೆ, ಅದನ್ನು ತೋರಿಸಿದವರನ್ನು ನೀವೇ ಅಂದುಕೊಳ್ಳುತ್ತದೆ. ಸ್ಟೀಲರ್ ಆ ಗುರುತನ್ನೂ ನಕಲು ಮಾಡಿ ಕಳಿಸುತ್ತದೆ. ಅದು ಕೈಯಲ್ಲಿದ್ದವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ನನ್ನ ಖಾತೆಗೆ ಟು ಸ್ಟೆಪ್, ಅಂದರೆ ಪಾಸ್‌ವರ್ಡ್ ಆದ ಮೇಲೆ ಒಟಿಪಿಯನ್ನೂ ಕೇಳುವ ವ್ಯವಸ್ಥೆ ಇತ್ತು, ಆದರೂ ಅವನು ಒಳಗಿದ್ದ. ಕೆಲವು ಸೈಟುಗಳಲ್ಲಿ ಪಾಸ್‌ವರ್ಡ್ ಬದಲಾಯಿಸಿದರೂ ಹಳೆಯ ಲಾಗಿನ್‌ಗಳು ಹಾಗೇ ಉಳಿಯುತ್ತವೆ, ನಾವೇ ಹೋಗಿ ಹೊರಗೆ ಹಾಕಬೇಕು. ಇದು ನನಗೆ ಗೊತ್ತೇ ಇರಲಿಲ್ಲ. ತಿಳಿದವರಿಗೂ ಇದು ತಪ್ಪಿಲ್ಲ. ಯೂಟ್ಯೂಬಿನ ಲೈನಸ್ ಟೆಕ್ ಟಿಪ್ಸ್ ಚಾನೆಲ್ 2023ರ ಮಾರ್ಚಿನಲ್ಲಿ ಕಳ್ಳರ ಕೈಗೆ ಹೋದದ್ದು ಹೀಗೇ, ಪಿಡಿಎಫ್ ಅಂದುಕೊಂಡು ತೆರೆದ ಒಂದು ಫೈಲಿನಿಂದ. ಕಂಪ್ಯೂಟರ್ ವಿಷಯವನ್ನೇ ದಿನವಿಡೀ ಹೇಳಿಕೊಡುವ ಚಾನೆಲ್ ಅದು.

ಎಲ್ಲ ಸರಿಹೋಯಿತು ಅಂತ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ನನ್ನ ಹೆಸರಲ್ಲಿ ಅದೇ ಜಿಪ್ ನನ್ನ ಪಟ್ಟಿಯಲ್ಲಿದ್ದವರಿಗೆಲ್ಲ ಹೋಗಿತ್ತು. ಚಿಕ್ಕಪ್ಪನ ಮಗ ತೆರೆದೂ ಬಿಟ್ಟಿದ್ದ, ಅಕ್ಕ ಕಳಿಸಿದ್ದಾಳೆ ಅಂತ. ಅವನ ಖಾತೆ ಇವತ್ತಿಗೂ ವಾಪಸ್ ಸಿಕ್ಕಿಲ್ಲ. ನನಗೆ ನನ್ನ ನಷ್ಟಕ್ಕಿಂತ ಅದೇ ಜಾಸ್ತಿ ಸಂಕಟ. ನನ್ನ ಗೆಳತಿಗೆ ಹಿಂದಿನ ದಿನವೇ ತನ್ನ ಖಾತೆ ಹೋದದ್ದು ಗೊತ್ತಾಗಿತ್ತಂತೆ, ಹೇಳಿಕೊಳ್ಳಲು ನಾಚಿಕೆಯಾಗಿ ಸುಮ್ಮನಿದ್ದಳಂತೆ. ಅವಳ ಮೇಲೆ ಕೋಪವಿಲ್ಲ, ಆದರೆ ಒಂದು ಫೋನ್ ಮಾಡಿದ್ದರೆ ನಾನೂ ಚಿಕ್ಕಪ್ಪನ ಮಗನೂ ಉಳಿಯುತ್ತಿದ್ದೆವು. ನಿಮಗೆ ಹೀಗಾದರೆ ದಯವಿಟ್ಟು ಕೂಡಲೇ ಎಲ್ಲರಿಗೂ ಹೇಳಿಬಿಡಿ.

ಹಾಗೇನಾದರೂ ತೆರೆದುಬಿಟ್ಟರೆ, ಮೊದಲು ಆ ಕಂಪ್ಯೂಟರಿನ ನೆಟ್ ತೆಗೆಯಿರಿ. ಬೇರೆ ಯಂತ್ರದಿಂದ, ಅಂದರೆ ಆ ಫೈಲ್ ಮುಟ್ಟದ ಮೊಬೈಲಿನಿಂದಲೋ ಇನ್ನೊಂದು ಕಂಪ್ಯೂಟರಿನಿಂದಲೋ ಮೊದಲು ಇಮೇಲ್‌ಗೆ ಹೋಗಿ, ಪಾಸ್‌ವರ್ಡ್ ಬದಲಾಯಿಸಿ, ಎಲ್ಲ ಡಿವೈಸ್‌ಗಳಿಂದ ಲಾಗೌಟ್ ಮಾಡಿ. ಇಮೇಲ್ ಮೊದಲು ಯಾಕಂದರೆ ಉಳಿದ ಖಾತೆಗಳ ಪಾಸ್‌ವರ್ಡ್ ರೀಸೆಟ್ ಆಗುವುದು ಸಾಮಾನ್ಯವಾಗಿ ಅದರ ಮೂಲಕ. ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್, ಟೆಲಿಗ್ರಾಮ್‌ನಲ್ಲಿ ಡಿವೈಸಸ್ ನೋಡಿ, ಗುರುತಿಲ್ಲದ್ದನ್ನೆಲ್ಲ ತೆಗೆಯಿರಿ. ವೈರಸ್ ಬಂದ ಕಂಪ್ಯೂಟರಿಗೆ ಸ್ಕ್ಯಾನ್ ಓಡಿಸಿ ಸಮಾಧಾನಪಟ್ಟುಕೊಳ್ಳಬೇಡಿ. ಬೇಕಾದ ಫೋಟೋ, ಕಡತ ಉಳಿಸಿಕೊಂಡು ವಿಂಡೋಸ್ ಹೊಸದಾಗಿ ಹಾಕಿ. ಜಾಸ್ತಿಯಾಯಿತು ಅಂತ ಕೆಲವರು ಹೇಳಬಹುದು, ನಾನು ಒಪ್ಪುವುದಿಲ್ಲ.

ಇನ್ನು ಬರದ ಹಾಗೆ ನೋಡಿಕೊಳ್ಳುವುದು. ವಿಂಡೋಸ್ 11 ಆದರೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಅದರಲ್ಲಿ ಶೋ, ಅಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಅನ್ನುವುದಕ್ಕೆ ಟಿಕ್ ಹಾಕಿ, ಈಗಲೇ. ಯಾರಾದರೂ ಕೇಳದೆ ಫೈಲ್ ಕಳಿಸಿದರೆ ಫೋನ್ ಮಾಡಿ ಧ್ವನಿ ಕೇಳಿ ಖಚಿತ ಮಾಡಿಕೊಳ್ಳಿ. ಚಾಟ್‌ನಲ್ಲೇ ಕೇಳಿದರೆ ಉತ್ತರ ಕೊಡುವವನು ಕಳ್ಳನೇ ಆಗಿರಬಹುದು. ಯಾವುದೋ ಪುಟ "ನೀವು ರೋಬಾಟ್ ಅಲ್ಲ ಅಂತ ತೋರಿಸಿ, ವಿಂಡೋಸ್ ಮತ್ತು ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಮಾಡಿ" ಅಂದರೆ ಆ ಪುಟ ಮುಚ್ಚಿಬಿಡಿ, ಅದು ನಿಮ್ಮ ಕೈಯಿಂದಲೇ ವೈರಸ್ ಓಡಿಸುವ ಉಪಾಯ. ಚಾಟ್ ಆ್ಯಪ್‌ಗಳ ಅಪ್‌ಡೇಟ್ ಮುಂದೂಡಬೇಡಿ. ಫೋಟೋ ಥರ ಕಾಣುವ ಅಟ್ಯಾಚ್‌ಮೆಂಟ್ ತೆರೆದರೆ ಪ್ರೋಗ್ರಾಂ ಓಡಿಬಿಡುವಂಥ ದೋಷ ವಿಂಡೋಸ್‌ನ ವಾಟ್ಸಾಪ್‌ನಲ್ಲೇ ಇತ್ತು, 2025ರ ಏಪ್ರಿಲಿನಲ್ಲಿ ಅದು ಹೊರಬಿತ್ತು. ಅಪ್‌ಡೇಟ್ ಮಾಡಿಕೊಂಡವರು ಅಷ್ಟರಲ್ಲಿ ಪಾರಾಗಿದ್ದರು.

ಆಂಟಿವೈರಸ್ ಹೆಸರು ಕೇಳಿದ್ದೀರಿ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕು, ಸುಮ್ನೆ ಇನ್ನೊಂದಕ್ಕೆ ದುಡ್ಡು ಹಾಕಬೇಡಿ, ಡಿಫೆಂಡರನ್ನು ಆಫ್ ಮಾಡು ಅಂತ ಹೇಳುವ ಯಾವ ಸಾಫ್ಟ್‌ವೇರನ್ನೂ ಹಾಕಬೇಡಿ. ಅನುಮಾನ ಇರುವ ಫೈಲನ್ನು ವೈರಸ್‌ಟೋಟಲ್ ಸೈಟಿಗೆ ಹಾಕಿದರೆ ಹತ್ತಾರು ಸ್ಕ್ಯಾನರ್‌ಗಳು ಒಟ್ಟಿಗೆ ನೋಡಿ ಹೇಳುತ್ತವೆ. ಖಾಸಗಿ ಕಾಗದಪತ್ರ ಮಾತ್ರ ಅಲ್ಲಿ ಹಾಕಬೇಡಿ, ಅದು ಬೇರೆಯವರ ಕೈಗೂ ಸಿಗುತ್ತದೆ. ತೀರಾ ಹೊಸ ವೈರಸ್ ಆದರೆ ಅಲ್ಲೂ ಏನೂ ಇಲ್ಲ ಅಂತ ತೋರಿಸಬಹುದು, ಆಗಲೂ ಕಳಿಸಿದವರಿಗೆ ಫೋನ್ ಮಾಡದೆ ತೆರೆಯಬೇಡಿ.